ಹೀಟ್ ಪಂಪಿಗೊಂದು ಚಂದದ ಮನೆ

ಅಕ್ಷರ ಸೊಟ್ಟಗಿದ್ದರೆ ದಯವಿಟ್ಟು ಕ್ಷಮಿಸಿ. ಉಣ್ಣೆಯ ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದೇನೆ, ತೆಗೆದರೆ ಬೆರಳು ಮರಗಟ್ಟುತ್ತವೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೆ. ಅಡುಗೆಮನೆಯಲ್ಲಿ ಯಾಕಿಷ್ಟು ಚಳಿ ಎಂದರೆ, ಅದು ನನ್ನದೇ ಸಾಧನೆ!

ಬೇಸಿಗೆಯಲ್ಲಿ ನಾನೊಂದು ಶಪಥ ಮಾಡಿದ್ದೆ. ಗುನ್‌ವೋರ್ ಅಜ್ಜಿಗೆ ಶ್ವಾಸಕೋಶದ ತೊಂದರೆ. ನಮ್ಮ ಸೌದೆ ಒಲೆಯ ಹೊಗೆ ತಡೆಯಲಾರದೆ ಊರಿನ ಆರೈಕೆ ಕೇಂದ್ರ ಸೇರಿದ್ದಳು. ಹೊಗೆಯಿಲ್ಲದೆ ಮನೆ ಬೆಚ್ಚಗಾದ ದಿನ ವಾಪಸು ಬರುತ್ತೇನೆ ಅಂದಿದ್ದಳು. ಅಮ್ಮನಿಗೆ ಬೆಳಗಾದರೆ ಡೈರಿಯ ಕೆಲಸ. ಮನೆಯಲ್ಲಿರುವವಳು ನಾನೊಬ್ಬಳೇ. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು, ಅಮ್ಮನೊಬ್ಬಳೇ ಇದ್ದ ಸಭೆಯಲ್ಲಿ ಎದ್ದು ನಿಂತು ಘೋಷಿಸಿದೆ: "ಇನ್ಮೇಲೆ ಈ ಮನೆಯ ಬಿಸಿ ನನ್ನ ಜವಾಬ್ದಾರಿ. ಚಳಿಗಾಲಕ್ಕೆ ಅಜ್ಜಿ ಇಲ್ಲೇ ಇರ್ತಾಳೆ."

ಹೊರಗಿನ ಗಾಳಿಯಿಂದಲೇ ಬಿಸಿ ಹೀರಿ ಮನೆಗೆ ಕೊಡುವ ಹೀಟ್ ಪಂಪ್ ಕೊಳ್ಳುವುದು ಸುಲಭ, ಅದರೊಳಗೆ ಯಾವ ಅನಿಲ ಓಡಾಡಬೇಕು ಎಂದು ಆರಿಸುವುದು ಕಷ್ಟ. ವಾರಗಟ್ಟಲೆ ಓದಿದೆ. ಶಾಲೆಯಲ್ಲಿ ಹೀಗೆ ಓದಿದ್ದರೆ ಮೇಷ್ಟ್ರು ಮೂರ್ಛೆ ಹೋಗುತ್ತಿದ್ದರು. ಹಳೇ ಪಂಪುಗಳ ಅನಿಲ ಸೋರಿದರೆ ಭೂಮಿಯ ಬಿಸಿ ಏರುತ್ತದೆ. ಪ್ರೊಪೇನ್ ಎಂಬ ಅನಿಲಕ್ಕೆ ಆ ಪಾಪ ತೀರಾ ಕಡಿಮೆ, ನಮ್ಮ ಕಣಿವೆಯ ಚಳಿಗೂ ಜಗ್ಗುವುದಿಲ್ಲ. ಆದರೆ ಬೆಂಕಿ ಹತ್ತಿಕೊಳ್ಳುತ್ತದೆ. ಆದರೂ ಅದನ್ನೇ ಆರಿಸಿದೆ.

"ಚಳಿ ಕಾಯಿಸೋಕೆ ಹೋಗಿ ಮನೇನೇ ಕಾಯಿಸ್ಬಿಟ್ಟೀಯ, ಇಂಗ್‌ವಿಲ್," ಅಂದಳು ಅಮ್ಮ.

"ಅನಿಲ ಹೊರಗಡೇನೇ ಇರುತ್ತಮ್ಮ. ಒಳಗೆ ಬರೋದು ಬರೀ ಬಿಸಿನೀರು."

ಸೋರಿದರೆ ಈ ಅನಿಲ ಗಾಳಿಗಿಂತ ಭಾರವಾಗಿ ನೆಲ ಹಿಡಿಯುತ್ತದೆ. ಅದಕ್ಕೇ ಕಿಟಕಿಯಿಂದ ದೂರ, ನೆಲಮಾಳಿಗೆಯ ಕಂಡಿಯಿಂದ ಇನ್ನೂ ದೂರ ಜಾಗ ಹುಡುಕಿ, ಟೇಪು ಹಿಡಿದು ಮತ್ತೆ ಮತ್ತೆ ಅಳೆದೆ. ಪಂಪ್ ಕೂರಿಸಲು ಬಂದ ಶೇತಿಲ್ ನಾನು ನೆಲದ ಮೇಲೆ ಹಾಕಿದ ಗುರುತು ನೋಡಿ ತಲೆದೂಗಿದ. ಹಿಮ ಮುಚ್ಚದಷ್ಟು ಎತ್ತರದ ಕಾಲುಗಳ ಮೇಲೆ ಯಂತ್ರ ನಿಲ್ಲಿಸಿ, ಸುತ್ತಮುತ್ತ ಖಾಲಿ ಇರಲಿ ಎಂದು ಹೇಳಿ ಹೋದ. ಮನೆ ಹಬೆಯಾಡುವ ಕಾಫಿಯ ಹಾಗೆ ಬೆಚ್ಚಗಾಯಿತು. ಆ ಜಂಬದಲ್ಲಿ ಮನೆಯ ಹಳೆಯ ಕರೆಂಟ್ ಹೀಟರುಗಳನ್ನೆಲ್ಲ ಶಾಲೆಯ ಬ್ಯಾಂಡಿನವರು ನಡೆಸುವ ಹಳೇ ಸಾಮಾನಿನ ಸಂತೆಗೆ ದಾನ ಮಾಡಿಬಿಟ್ಟೆ!

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಪಕ್ಕದ ಮನೆಯ ಒಡ್ನಿ ಬೇಲಿಯಾಚೆ ನಿಂತು, ಕೆಂಪು ಮನೆಗೆ ಬಿಳಿ ಮೂಗು ಬಂದಂತಿದೆ ಅಂದಳು. ನಮ್ಮ ಬೀದಿಯಲ್ಲಿ ಪಂಪನ್ನು ಬೆತ್ತಲೆ ಬಿಡುವ ರೂಢಿಯಿಲ್ಲ, ಎಲ್ಲರೂ ಅದಕ್ಕೊಂದು ಗಾಳಿಯಾಡುವ ಮರದ ಗೂಡು ಕಟ್ಟುತ್ತಾರೆ. ಇಷ್ಟು ಓದಿಕೊಂಡವಳು ಗೂಡು ಕಟ್ಟಿದರೆ ಸಾಕೇ? ಅರಮನೆ ಕಟ್ಟಿದೆ. ಕೆಂಪು ಹಲಗೆಯ ಗೋಡೆ, ಹುಲ್ಲು ಬೆಳೆಸಿದ ಮಾಡು, ಚಿಲಕವಿರುವ ಬಾಗಿಲು. ಹಲಗೆಗಳ ನಡುವೆ ಒಂದು ಸೂಜಿಯೂ ತೂರದ ಹಾಗೆ ಅಂಟು ಹಾಕಿ, ತಿರುಪು ಬಿಗಿದೆ. ಬೀದಿಯವರೆಲ್ಲ ಬಂದು ಫೋಟೋ ತೆಗೆದುಕೊಂಡರು.

ಅಜ್ಜಿ ಬರುವ ದಿನವೇ ಕಡು ಚಳಿ ಇಳಿಯಿತು. ಬೆಳಿಗ್ಗೆ ಎದ್ದರೆ ಮೂಗಿನ ತುದಿ ನನ್ನದೋ ಅಲ್ಲವೋ ಎನ್ನುವಂತಿತ್ತು. ಹೊರಗೆ ಅರಮನೆಯ ಬಾಗಿಲು ತೆಗೆದರೆ ಯಂತ್ರವೇ ಇಲ್ಲ, ಅದರ ಜಾಗದಲ್ಲಿ ಒಂದು ಮಂಜುಗಡ್ಡೆ! ಶೇತಿಲ್‌ಗೆ ಫೋನ್ ಮಾಡಿದೆ.

"ಸುತ್ತ ಏನಾದ್ರೂ ಇದೆಯಾ?"

"ಒಂದು ಸಣ್ಣ ಮನೆ ಇದೆ."

"ಬಾಗಿಲೂ ಇದೆಯಾ?"

"ಚಿಲಕಾನೂ ಇದೆ."

ಹೊರಗೆ ಬಿಟ್ಟ ತಣ್ಣನೆ ಗಾಳಿ ಗೋಡೆಗೆ ಬಡಿದು ತಿರುಗಿ ಬಂದಿದೆ, ಯಂತ್ರ ಅದನ್ನೇ ಮತ್ತೆ ಉಸಿರಾಡಿ ಹೆಪ್ಪುಗಟ್ಟಿದೆಯಂತೆ. ಅದಕ್ಕಿಂತ ಕೆಟ್ಟದ್ದು, ಅನಿಲ ಸೋರಿದರೆ ಆ ಪೆಟ್ಟಿಗೆಯೊಳಗೇ ತುಂಬಿಕೊಳ್ಳುತ್ತದಂತೆ. ಕೂಡಲೇ ಆಫ್ ಮಾಡು ಎಂದು ಹೇಳಿ ಕೊನೆಗೆ ಕೇಳಿದ: "ಟೇಪು ಹಿಡಿದು ಕಿಟಕಿಯಿಂದ ದೂರ ಅಳೆದಿದ್ದೂ ನೀನೇ ಅಲ್ವಾ?"

ಹೌದು ಅಂದೆ. ಫೋನ್ ಇಟ್ಟು, ಒಳಗೆ ಹೋಗಿ ಯಂತ್ರ ಆಫ್ ಮಾಡಿದೆ.

ಆ ಹೊತ್ತಿಗೇ ಅಜ್ಜಿಯ ಟ್ಯಾಕ್ಸಿ ಬಂತು. ಅವಳಿಗಾಗಿ ಸಿದ್ಧ ಮಾಡಿದ ಕೋಣೆಯಲ್ಲಿ ಬಾಯಿ ತೆರೆದರೆ ಉಸಿರು ಹಬೆಯಾಡುತ್ತಿತ್ತು. ಒಲೆ ಹಚ್ಚಿದರೆ ಅವಳಿಗೆ ಉಸಿರಿಲ್ಲ, ಹಚ್ಚದಿದ್ದರೆ ಬಿಸಿಯಿಲ್ಲ. ಅಜ್ಜಿಗಾಗಿ ರಜೆ ಹಾಕಿದ್ದ ಅಮ್ಮ ಅವಳ ಪೆಟ್ಟಿಗೆಯನ್ನು ಟ್ಯಾಕ್ಸಿಯಿಂದ ಇಳಿಸಲೇ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಜ್ಜಿ ಕೋಲೂರಿಕೊಂಡು ಅರಮನೆಯ ಹತ್ತಿರ ಹೋಗಿ, ಚಿಲಕ ತೆಗೆದು, ಮಂಜುಗಡ್ಡೆಯನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಕಟ್ಟಿದ್ದೀಯ, ಮಗಳೇ. ಆರೈಕೆ ಕೇಂದ್ರದಲ್ಲಿ ನನಗೆ ಕೊಟ್ಟಿರೋ ಕೋಣೇನೂ ಇಷ್ಟೇ ಚಂದ. ಕಿಟಕಿ ಮಾತ್ರ ತೆಗೆಯೋಕಾಗಲ್ಲ." ಎರಡು ಸಲ ಕೆಮ್ಮಿ ಟ್ಯಾಕ್ಸಿ ಹತ್ತಿದಳು. "ಮೊದಲು ಅದಕ್ಕೆ ಉಸಿರಾಡೋಕೆ ಬಿಡು. ಆಮೇಲೆ ನನ್ನನ್ನ ಕರಿ."

ಅಮ್ಮ ಈಗಷ್ಟೇ ಒಲೆ ಹಚ್ಚಿದ್ದಾಳೆ. ಅಜ್ಜಿಯ ಹೊಸ ಹೊದಿಕೆಗೆಲ್ಲ ಹೊಗೆಯ ವಾಸನೆ ಹತ್ತುತ್ತಿದೆ. ಹಲಗೆಗಳು ಮಂಜುಗಡ್ಡೆಗೆ ಕಚ್ಚಿಕೊಂಡಿವೆ, ಚಳಿಗಾಲದ ಗಿಡ್ಡ ಹಗಲು ಆಗಲೇ ಮುಗಿದಿದೆ, ಕತ್ತಲಲ್ಲಿ ಕಿತ್ತರೆ ಯಂತ್ರ ಮುರಿದೀತು. ನಾಳೆ ಬೆಳಕಾದ ಮೇಲೆ ಒಂದೊಂದೇ ತಿರುಪು ಬಿಚ್ಚುತ್ತೇನೆ. ಗಡ್ಡೆ ಪೂರ್ತಿ ಕರಗಿ, ಶೇತಿಲ್ ಬಂದು ನೋಡಿ, ಮನೆ ಬೆಚ್ಚಗಾದ ಮೇಲೆ ಅಜ್ಜಿಗೆ ಫೋನ್ ಮಾಡುತ್ತೇನೆ.