ಪೈಲಟ್ ನಾಲ್ಕು ಬೆರಳು ಸರಿದು ಕೂಡುವ ಕುರಿತು

ಸಂಖ್ಯೆ: ಹುಮ/ಗಣಕ-ವಿಮಾನ/ಕೆಡುವಿಕೆ/17/2024-25
ದಿನಾಂಕ: 09-01-2025

ವಿಷಯ: ಗಣಕಯಂತ್ರದಲ್ಲಿ ಹಾರಿಸುವ ವಿಮಾನದ ಮಾದರಿಯು ಕಾರಣ ಹೇಳದೆ ಕೆಡುತ್ತಿದ್ದ ಬಗ್ಗೆ.

ಉಲ್ಲೇಖ: (1) ಗುತ್ತಿಗೆ ಮಾದರಿ ತಯಾರಕಿ ಇಶ್ರತ್ ಅವರ ಹದಿನೇಳು ವರದಿಗಳು. (2) ಘಾಟಬೋರಾಳದ ಕಾಂತಾಬಾಯಿಯವರ ಮೌಖಿಕ ತಕರಾರು (ಗಟ್ಟಿ ದನಿ).

ತೊಗರಿ ರಾಶಿ ನಡೆದಿದ್ದು, ಕಚೇರಿಯ ಅರ್ಧ ಸಿಬ್ಬಂದಿ ಹೊಟ್ಟು ತೂರುತ್ತಿರುವ ಈ ದಿನಗಳಲ್ಲಿ, ಉಳಿದರ್ಧ ಸಿಬ್ಬಂದಿಯಾದ ಇಶ್ರತ್ ಅವರು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಪರದೆಯ ಮೇಲೆ ಹಾರಬೇಕಾದ ಪುಟ್ಟ ವಿಮಾನವನ್ನು ಕಟ್ಟುತ್ತಿದ್ದರು. ಶನಿವಾರದೊಳಗೆ ಅದು ಹಾರದಿದ್ದಲ್ಲಿ ಅವರ ಗುತ್ತಿಗೆ ರದ್ದಾಗುವುದಿತ್ತು. ಆದರೆ ಗುಂಡಿ ಒತ್ತಿದ ಕೂಡಲೇ ಪರದೆ ಕಪ್ಪಾಗುತ್ತಿತ್ತು. ಸದರಿಯವರು ಉಗುರು ಕಚ್ಚಿ ಮುಗಿಸಿ ಕಚೇರಿಯ ಪೆನ್ನು ಕಚ್ಚುವುದಕ್ಕೆ ಬಂದಿದ್ದರಿಂದ, ಎಲ್ಲರ ಗಮನಕ್ಕೆ ತರುವುದೇನೆಂದರೆ:

1. ಯಾವುದೇ ವಿಮಾನವು ಇನ್ನು ಮುಂದೆ ಕಾರಣ ತಿಳಿಸದೆ ಕೆಡತಕ್ಕದ್ದಲ್ಲ. ಕೆಡುವುದಿದ್ದಲ್ಲಿ ಮೂರು ದಿನ ಮೊದಲೇ ಅರ್ಜಿ ಕೊಡತಕ್ಕದ್ದು.

2. ದೋಷ ಹುಡುಕಲು ಭಾಗಗಳನ್ನು ಒಂದೊಂದಾಗಿ ತೆಗೆದು ನೋಡತಕ್ಕದ್ದು. ರೆಕ್ಕೆ ತೆಗೆದಾಗ ಹಾರಲಿಲ್ಲ ಎಂಬುದನ್ನು ದೂರಾಗಿ ಸ್ವೀಕರಿಸಲಾಗುವುದಿಲ್ಲ.

3. ಮೇಲ್ವಿಚಾರಕ ದಿಗಂಬರ ಅವರ “ಕರೆಂಟಿಂದೇ ಏನರ ಅದ ನೋಡವ್ವಾ” ಎಂಬ ಅಭಿಪ್ರಾಯವನ್ನು ಹದಿನೇಳು ಸಲ ದಾಖಲಿಸಲಾಗಿದೆ. ಹದಿನೆಂಟನೆಯ ಸಲಕ್ಕೆ ಪೂರ್ವಾನುಮತಿ ಕಡ್ಡಾಯ.

4. ಚಕ್ರ, ಬಾಲ, ಬಣ್ಣ ಎಲ್ಲ ತೆಗೆದರೂ ಫಲ ಕಾಣದೆ ಈ ಮಾರ್ಗದ ನಿತ್ಯ ಪ್ರಯಾಣಿಕರ ಹೆಸರಿನಲ್ಲಿ ಕೂಡಿಸಿದ್ದ ಗೊಂಬೆಗಳನ್ನು ಒಬ್ಬೊಬ್ಬರಾಗಿ ಇಳಿಸಲಾಯಿತು. ಕಾಂತಾಬಾಯಿಯವರ ಗೊಂಬೆ ಇಳಿದೊಡನೆ ಪರದೆ ಬೆಳಗಿತು. ವಿಚಾರಣೆಯಲ್ಲಿ ತಿಳಿದುಬಂದಿದ್ದು: ಇಶ್ರತ್ ಅವರು ಸೀಟಿನ ಅಳತೆಯನ್ನು ಕಲ್ಯಾಣಕ್ಕೆ ಹೋಗುವ ಮಹೆಬೂಬನ ಟಂಟಂ ಆಟೋದಲ್ಲಿ ತೆಗೆದುಕೊಂಡಿದ್ದರು. ಅಲ್ಲಿ ಚಾಲಕನ ಸೀಟಿನಲ್ಲೇ ಅವನಿಗೆ ಒತ್ತಿಕೊಂಡು ಕಾಂತಾಬಾಯಿಯವರು ದಿನಾ ಕೂಡುತ್ತಾರೆ. ಅದರಂತೆ ಪೈಲಟ್ ಮತ್ತು ಕಾಂತಾಬಾಯಿ ಒಂದೇ ಬಿಂದುವಿನಲ್ಲಿ ಕುಳಿತಿದ್ದು, ನಡುವಿನ ಅಂತರ ಸೊನ್ನೆಯಾಗಿ, ಆ ಸೊನ್ನೆಯಿಂದ ಭಾಗಿಸಲು ಹೋದ ಗಣಕಯಂತ್ರವು ಉಸಿರು ಕಟ್ಟುತ್ತಿತ್ತು.

5. ಗೊಂಬೆ ಇಳಿಸಿದ ಸುದ್ದಿ ತಿಳಿದು ಖುದ್ದು ಹಾಜರಾದ ಕಾಂತಾಬಾಯಿಯವರ ಹೇಳಿಕೆ: “ಮದಲ ಬಂದು ಕುಂತಾಕಿ ನಾ. ವಿಮಾನದಾಗ ಹೊಂಟೀನಂತ ಊರ ತುಂಬ ಹೇಳೀನಿ, ಈಗ ಹ್ಯಾಂಗ ಇಳೀಲಿ? ಆ ಪೈಲಟ್‌ಗ ಜರಾ ಸರೀ ಅಂತ ಹೇಳ್ರಿ!”

6. ಅದರಂತೆ ಗೊಂಬೆಯನ್ನು ಮರಳಿ ಕೂಡಿಸಿ, ಪೈಲಟ್‌ನನ್ನು ನಾಲ್ಕು ಬೆರಳು ಸರಿಸಲಾಯಿತು. ವಿಮಾನ ಎದ್ದಿತು. ಪೈಲಟ್ ಅರ್ಧ ಹೊರಗೆ ಜೋತಿದ್ದಾನೆ. ಇದನ್ನು ಸದರಿ ಮಾರ್ಗದ ರೂಢಿಯೆಂದು ಮಾನ್ಯ ಮಾಡಲಾಗಿದೆ.

7. ಇಶ್ರತ್ ಅವರು “ಯಾ ಅಲ್ಲಾ, ಹಾರಾಕತ್ತದ ನೋಡ್ರೀ!” ಎಂದು ಕುರ್ಚಿಯ ಮೇಲೆ ನಿಂತು ಕುಣಿದದ್ದನ್ನು ಕಚೇರಿ ಕೆಲಸವೆಂದೇ ಹಾಜರಿಯಲ್ಲಿ ಬರೆದುಕೊಳ್ಳಲಾಗಿದೆ. ವಿಮಾನವು ಕಲ್ಯಾಣದಲ್ಲಿ ಸುಖವಾಗಿ ಇಳಿದಿರುವುದರಿಂದ ಅವರ ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಿ ಆದೇಶಿಸಿದೆ.

ಸಹಿ/-
(ಧೂಳಿನಿಂದ ಅಸ್ಪಷ್ಟ)
ಉಪ ನಿಯಂತ್ರಕರು, ಹುಮನಾಬಾದ್

ಪ್ರತಿಗಳು:
1. ಇಶ್ರತ್, ಗುತ್ತಿಗೆ ಆದೇಶದೊಂದಿಗೆ.
2. ದಿಗಂಬರ, ರಾಶಿ ಮುಗಿದ ಮೇಲೆ ಓದಲು.
3. ಕಾಂತಾಬಾಯಿ, ಘಾಟಬೋರಾಳ. ಓದಿ ಹೇಳತಕ್ಕದ್ದು, ಓಣಿಗೆಲ್ಲ ಕೇಳುವಂತೆ.
4. ಪೈಲಟ್. ಕಿಟಕಿಯ ಹೊರಗಿನಿಂದ ತಲುಪಿಸತಕ್ಕದ್ದು.