ಸೆಲಿನಮ್ಮನವರ ಮೂರು ಭರಣಿಗಳು

ನಾಲಗೆ ಚೆನ್ನಾಗಿದೆ ಎಂದು ನಾಲ್ಕು ಜನರಲ್ಲಿ ಹೆಸರು ಬಂದುಬಿಟ್ಟರೆ ಆ ಮನುಷ್ಯ ಮತ್ತೆ ನೆಮ್ಮದಿಯಾಗಿ ಒಂದು ಊಟ ಮಾಡುವ ಹಾಗಿಲ್ಲ. ಮದುವೆ ಮನೆಯಲ್ಲಿ ನೈವೇದ್ಯವಾದ ತಕ್ಷಣ ಅಡಿಗೆಯವರು ಸೌಟು ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಉಳಿದವರು ಹಾಯಾಗಿ ಉಣ್ಣುವ ಸಾರನ್ನು ನಾನು ಪರೀಕ್ಷೆಗೆ ಕೂತವನಂತೆ ಕಣ್ಣುಮುಚ್ಚಿ ಹೀರಬೇಕು. ಚಿಕ್ಕಂದಿನಲ್ಲಿ ನಮ್ಮಜ್ಜಿ ನನ್ನದನ್ನು ತಕ್ಕಡಿ ನಾಲಗೆ ಎಂದು ಕರೆಯುತ್ತಿದ್ದಳು. ಒಗ್ಗರಣೆಗೆ ಇಂಗು ಒಂದು ಚಿಟಿಕೆ ಹೆಚ್ಚಾಗಿದ್ದರೂ ಎದ್ದು ಹೇಳಿಬಿಡುವ ಹುಡುಗನನ್ನು ಆಕೆ ಮೆಚ್ಚಿ ಹಾಗೆ ಕರೆದಳೋ ಬೇಸತ್ತು ಕರೆದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ತೊಂದರೆ ಏನೆಂದರೆ, ಈ ನಾಲಗೆಗೆ ಸುಳ್ಳು ಹೇಳಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯವರ ಒಬ್ಬಟ್ಟಿನ ಸಾರು ಉಂಡು ಹುಣಿಸೆಹಣ್ಣು ಹಳೆಯದಿರಬೇಕು ಎಂದೆ. ಆಮೇಲಿನ ಹಬ್ಬಗಳಲ್ಲೆಲ್ಲ ಅವರು ನನಗೆ ಮೊಸರನ್ನ ಮಾತ್ರ ಧಾರಾಳವಾಗಿ ಬಡಿಸಿದರು. ಮೊಸರಿನ ವಿಷಯದಲ್ಲಿ ನಾನೇನು ಹೇಳಿದೆ ಎಂಬುದು ಇಲ್ಲಿ ಬೇಡ.

ಈ ನಾಲಗೆಯ ಸುದ್ದಿ ಹೇಗೋ ನಮ್ಮ ಕಚೇರಿಯ ಹೆಡ್ ಕ್ಲರ್ಕ್ ಪಿಂಟೋ ಅವರ ಮನೆಯವರೆಗೂ ಹೋಯಿತು. ಪಿಂಟೋ ಮಂಗಳೂರು ಕಡೆಯವರು. ಮಲ್ಲೇಶ್ವರದ ಆಚೆ, ಸ್ಯಾಂಕಿ ಕೆರೆಗೆ ಹತ್ತಿರ, ಹೆಂಚಿನ ಮನೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಹಿತ್ತಲಲ್ಲಿ ನೀಲಿ ದ್ರಾಕ್ಷಿಯ ಚಪ್ಪರ. ಅವರ ಹೆಂಡತಿ ಸೆಲಿನಮ್ಮ ಆಷಾಢದಲ್ಲಿ ಆ ಹಣ್ಣು ಹಿಸುಕಿ, ಸಕ್ಕರೆ ಹಾಕಿ, ನಾವು ಉಪ್ಪಿನಕಾಯಿ ಹಾಕುವಂಥ ಮೂರು ಭರಣಿಗಳಲ್ಲಿ ವೈನು ಇಡುತ್ತಿದ್ದರು. ಯುದ್ಧ ಮುಗಿದಿದ್ದರೂ ಸಕ್ಕರೆಗೆ ಇನ್ನೂ ರೇಷನ್ ಇದ್ದ ಕಾಲ. ಆ ಭರಣಿಗಳಿಗೋಸ್ಕರ ಆಕೆ ತಿಂಗಳುಗಟ್ಟಲೆ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದರಂತೆ. ದೀಪಾವಳಿ ಕಳೆದ ಮೇಲೆ ಮೂರರಲ್ಲಿ ಯಾವುದು ಚೆನ್ನಾಗಿ ಬಂದಿದೆಯೋ ಅದನ್ನು ಕ್ರಿಸ್ಮಸ್ಸಿಗೆ ಎತ್ತಿಡಬೇಕು. ಅದನ್ನು ಆರಿಸಲು ಮನೆಯವರ ನಾಲಗೆ ಆಗದು, ಮಮತೆ ಅಡ್ಡ ಬರುತ್ತದೆ ಎಂಬುದು ಆಕೆಯ ತಾಯಿಯ ಮನೆಯಿಂದ ಬಂದ ಪದ್ಧತಿ. ಕುಡಿಯುವವರ ನಾಲಗೆಯಂತೂ ಆಗಲೇ ಆಗದು, ಅವರು ಏನು ಕೊಟ್ಟರೂ ಭೇಷ್ ಎನ್ನುತ್ತಾರೆ ಎಂಬುದು ಆಕೆಯ ಸ್ವಂತ ಸಂಶೋಧನೆ. ಹೀಗೆ, ಜನ್ಮದಲ್ಲಿ ಹೆಂಡದಂಗಡಿಯ ನೆರಳು ಸೋಕದ ಇಬ್ಬರು ಗುಮಾಸ್ತರು ವೈನಿನ ಪರೀಕ್ಷಕರಾಗಿ ನೇಮಕವಾದರು. ಒಬ್ಬ ಬಸವನಗುಡಿಯ ನಾನು. ಇನ್ನೊಬ್ಬ ನನ್ನ ಪಕ್ಕದ ಮೇಜಿನ ರುದ್ರಪ್ಪ, ತರಗುಪೇಟೆಯ ಬೇಳೆ ಮಂಡಿಯವರ ಮಗ, ತೊಗರಿಯನ್ನು ಮೂಸಿ ಅದು ಕಂಡ ಮಳೆ ಎಷ್ಟು ಎಂದು ಹೇಳುವವನು.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಹೊರಡಬೇಕು. ಸೆಲಿನಮ್ಮನವರದು ಒಂದೇ ಕಟ್ಟಳೆ: ಬೆಳಗಿನದಾದ ಮೇಲೆ ಮತ್ತೆ ಕಾಫಿ ಕುಡಿಯಕೂಡದು, ಕೆರೆಯನ್ನು ಒಂದು ಸುತ್ತು ಹಾಕಿ, ಬಾಯಲ್ಲಿ ಗಾಳಿಯ ರುಚಿಯ ಹೊರತು ಬೇರೇನೂ ಉಳಿಯದಂತೆ ಮಾಡಿಕೊಂಡು ಬರಬೇಕು. ಬಸವನಗುಡಿಯವನಿಗೆ ವೈನು ಕುಡಿ ಎಂದರೆ ಅಷ್ಟು ಕಷ್ಟವಲ್ಲ, ಮಧ್ಯಾಹ್ನದ ಕಾಫಿ ಬಿಡು ಎಂದರೆ ಕಷ್ಟ. ತಲೆನೋವು ಹೊತ್ತುಕೊಂಡು ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಒಂಟಿ ಕಾಲಿನಲ್ಲಿ ನಿಂತಿರುತ್ತಿದ್ದವು. ಅವಕ್ಕೂ ಯಾರೋ ಕಾಫಿ ಬಿಡಿಸಿದ್ದಾರೆ ಎಂದು ರುದ್ರಪ್ಪ ಹೇಳುತ್ತಿದ್ದ. ಮನೆಯಲ್ಲಿ ಮಾತ್ರ ನಾನು ಕೆರೆ ಗಾಳಿ ಮೈಗೆ ಒಳ್ಳೆಯದು ಎಂದಷ್ಟೇ ಹೇಳಿದ್ದೆ. ಮಾತು ನಿಜವೇ. ಅರ್ಧ ನಿಜ.

ಮೊದಲ ವರ್ಷ ನಡೆದದ್ದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸೆಲಿನಮ್ಮ ಮೊದಲ ಭರಣಿಯಿಂದ ಸಣ್ಣ ಬೆಳ್ಳಿ ಚಮಚದಲ್ಲಿ ವೈನು ತೆಗೆದು ನನ್ನತ್ತ ಚಾಚಿದರು. ಚಮಚಕ್ಕೆ ಬಾಯಿಟ್ಟು ಎಂಜಲು ಮಾಡುವುದು ಹೇಗೆ ಎಂದು ನನ್ನ ಕೈಗೆ ಅನ್ನಿಸಿರಬೇಕು, ತಾನಾಗಿಯೇ ಮುಂದೆ ಹೋಗಿ ಅಂಗೈ ಗುಳಿ ಮಾಡಿ ನಿಂತಿತು. ಆಕೆ ಒಂದು ಗಳಿಗೆ ನೋಡಿ ಅಂಗೈಗೆ ಸುರಿದರು. ನಾನು ಸುರ್ರೆಂದು ಹೀರಿ, ಉಳಿದ ಪಸೆಯನ್ನು ತಲೆಗೆ ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ಅದು ತೀರ್ಥವಲ್ಲವೆಂದು ನೆನಪಾಯಿತು. ಪಕ್ಕದಲ್ಲಿ ನೋಡಿದರೆ ರುದ್ರಪ್ಪನೂ ಅಂಗೈ ಚಾಚಿ ಸರದಿಗೆ ಕಾದಿದ್ದಾನೆ. ಸೆಲಿನಮ್ಮ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಮ್ಮಲ್ಲೂ ಇದು ದೇವರ ಪೂಜೆಯಲ್ಲಿ ಇಡುವಂಥದ್ದೇ ರಾಯರೇ, ನೀವು ತಪ್ಪೇನೂ ಮಾಡಲಿಲ್ಲ ಎಂದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಆಕೆಯೇ ಗಂಭೀರವಾಗಿ ಅಂಗೈಗೆ ಸುರಿಯುವುದು, ನಾವು ಗಂಭೀರವಾಗಿ ತಲೆಗೆ ಒರೆಸಿಕೊಳ್ಳುವುದು.

ತೀರ್ಪು ಹೇಳುವ ರೀತಿ ರುದ್ರಪ್ಪನದು. ಮಂಡಿಯಲ್ಲಿ ಧಾರಣೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ಕೈ ಕೈ ಹಿಡಿದು ಮೇಲೆ ಒಂದು ವಲ್ಲಿ ಹಾಕಿಕೊಂಡು ಬೆರಳಿನಲ್ಲಿ ಮಾತಾಡುತ್ತಾರೆ. ರುದ್ರಪ್ಪ ಹೆಗಲ ಮೇಲಿನ ವಲ್ಲಿಯನ್ನು ನಮ್ಮ ಕೈಗಳ ಮೇಲೆ ಹೊದೆಸಿ, ಒಂದನೇ ಭರಣಿಯಾದರೆ ಒಂದು ಬೆರಳು, ಎರಡನೆಯದಾದರೆ ಎರಡು ಹೀಗೆ ಒತ್ತುತ್ತಿದ್ದ. ನಾನು ಒಪ್ಪಿದರೆ ಅಷ್ಟೇ ಬೆರಳು ತಿರುಗಿ ಒತ್ತಬೇಕು. ಸೆಲಿನಮ್ಮ ಆ ವಲ್ಲಿಯನ್ನು, ಒಳಗೆ ಮಗು ಮಲಗಿದೆಯೋ ಎನ್ನುವಂತೆ ನೋಡುತ್ತ ನಿಂತಿರುತ್ತಿದ್ದರು. ತೀರ್ಪಾದ ಮೇಲೆ ಹಿತ್ತಲಿಗೆ ಹೋಗಿ ಒಂದು ಹಿಡಿ ಸೇವಂತಿಗೆ ಕತ್ತರಿಸಿ ತಂದು, ಮನೆಯವರಿಗೆ ಕೊಡಿ ಎಂದು ನನ್ನ ಕೈಗಿಡುತ್ತಿದ್ದರು. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಕೊಂಡೆ ಎಂದು ನಾನು ಮನೆಯಲ್ಲಿ ಕೊಡುತ್ತಿದ್ದೆ.

ಹೀಗೆ ಎಷ್ಟೋ ವರ್ಷ ನಡೆದ ಮೇಲೆ ಒಂದು ಶ್ರಾವಣದಲ್ಲಿ ಸೆಲಿನಮ್ಮ ಹೋಗಿಬಿಟ್ಟರು. ಭರಣಿ ಇಟ್ಟ ವಾರಕ್ಕೆಲ್ಲ ಜ್ವರ ಬಂದು ಆಸ್ಪತ್ರೆ ಸೇರಿದವರು ಮನೆಗೆ ಹಿಂದಿರುಗಲಿಲ್ಲ. ಪಿಂಟೋ ಅಷ್ಟರಲ್ಲಿ ನಿವೃತ್ತರಾಗಿದ್ದರು. ಇನ್ನು ಕೆರೆಯೂ ಇಲ್ಲ ಭರಣಿಯೂ ಇಲ್ಲ ಎಂದು ನಾವು ತಿಳಿದುಕೊಂಡಿದ್ದೆವು. ದೀಪಾವಳಿ ಕಳೆದ ಮೇಲೆ ಒಂದು ದಿನ ಅವರೇ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಕೋಟು ಸಡಿಲವಾಗಿತ್ತು. ಶನಿವಾರ ಬರಬೇಕು, ಕಾಫಿ ಕುಡಿಯದೆ ಬರಬೇಕು ಎಂದಷ್ಟೇ ಹೇಳಿ ಹೊರಟುಹೋದರು.

ಆ ಶನಿವಾರ ಕೆರೆಯನ್ನು ಸುತ್ತುವಾಗ ರುದ್ರಪ್ಪ ಬೆಳ್ಳಕ್ಕಿಗಳ ವಿಷಯ ಎತ್ತಲಿಲ್ಲ. ಏರಿಯ ಮೇಲೆ ಇನ್ನೊಂದು ಸುತ್ತು ಹಾಕೋಣವೇ ಎಂದು ನಾನೇ ಕೇಳಿದೆ. ನನ್ನಂಥ ಸೋಮಾರಿಯ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅವನು ಮರುಮಾತಿಲ್ಲದೆ ಒಪ್ಪಿದ. ಎಷ್ಟು ಸುತ್ತಿದರೂ ಕೆರೆ ಮುಗಿಯುತ್ತದಲ್ಲ, ಕೊನೆಗೆ ಮನೆಗೆ ಹೋಗಲೇಬೇಕಾಯಿತು.

ಮೂರು ಭರಣಿಗಳೂ ಎಂದಿನ ಬೆಂಚಿನ ಮೇಲೆ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದವು. ಪಿಂಟೋ ಚಮಚವನ್ನು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ನಮ್ಮ ಮುಖ ನೋಡದೆ ಹೇಳಿದರು, ಹಣ್ಣು ಹಿಸುಕಿದ ಮೊದಲ ದಿನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಮರದ ಸೌಟಿನಿಂದ ಕೈಯಾಡಿಸಬೇಕು, ತಪ್ಪಿದರೆ ಕೆಡುತ್ತದೆ. ಆಸ್ಪತ್ರೆಯಲ್ಲಿ ಮಲಗಿಕೊಂಡು ಆಕೆ ದಿನಾ ಕೇಳುತ್ತಿದ್ದಳು.

“ಭರಣಿಗೆ ಕೈಯಾಡಿಸಿದಿರಾ ಅಂತ. ಹೌದು ಅಂತ ಹೇಳಿದೆ ರಾಯರೇ. ಕೊನೆಯ ದಿನವೂ ಕೇಳಿದಳು, ಆಗಲೂ ಹೌದು ಅಂದೆ. ನಾನು ಮನೆಗೇ ಬಂದಿರಲಿಲ್ಲ. ಆಕೆಯ ಮಂಚದ ಹತ್ತಿರದಿಂದ ಎದ್ದೇ ಇರಲಿಲ್ಲ.”

ಒಂದೊಂದು ವರ್ಷ ಕೈಯಾಡಿಸದಿದ್ದರೂ ವೈನು ಕೆಡದೆ ನಿಲ್ಲುತ್ತದಂತೆ, ಹಾಗೆಂದು ಯಾರೋ ಹೇಳಿದ್ದಾರೆ ಎಂದರು. ಒಂದಾದರೂ ನಿಂತಿದ್ದರೆ ತಾನು ಹೆಂಡತಿಗೆ ಹೇಳಿದ್ದು ಸುಳ್ಳಾಗುವುದಿಲ್ಲ ಎಂದು ಆ ಮನುಷ್ಯ ಲೆಕ್ಕ ಹಾಕಿಕೊಂಡಿದ್ದರು. ಇಷ್ಟು ದಿನ ತಾವು ಮೂಸಿ ಕೂಡ ನೋಡಿರಲಿಲ್ಲ. ಮನೆಯವರ ನಾಲಗೆ ಆಗದು ಎಂಬ ಸೆಲಿನಮ್ಮನವರ ಪದ್ಧತಿಯನ್ನು ಹಿಡಿದುಕೊಂಡು ಕೂತಿದ್ದರು.

ಮೊದಲನೆಯ ಭರಣಿಯ ಬಟ್ಟೆ ಬಿಚ್ಚಿದಾಗಲೇ ನನಗೆ ಗೊತ್ತಾಗಿಹೋಯಿತು. ಆದರೂ ಅಂಗೈ ಚಾಚಿದೆ. ಪಿಂಟೋ ಸುರಿದದ್ದರಲ್ಲಿ ಅರ್ಧ ನನ್ನ ಅಂಗಿಯ ತೋಳಿಗೆ ಹೋಯಿತು. ಹುಳಿ. ಎರಡನೆಯದು ಹಲ್ಲು ಜುಮ್ಮೆನ್ನುವಂಥ ಹುಳಿ. ಮೂರನೆಯದರ ಮೇಲೆ ನಾನು ಮನಸ್ಸಿನಲ್ಲೇ ಎಷ್ಟೋ ಆಸೆ ಇಟ್ಟುಕೊಂಡಿದ್ದೆ. ಅದೂ ಹುಳಿ. ಮೂರು ಸಲವೂ ನಾನೂ ರುದ್ರಪ್ಪನೂ ತಲೆಗೆ ಒರೆಸಿಕೊಂಡೆವು. ರುದ್ರಪ್ಪ ವಲ್ಲಿ ಹೊದೆಸಿದ. ಇವನು ವ್ಯಾಪಾರಸ್ಥರ ಮಗ, ಸಮಯಕ್ಕೆ ತಕ್ಕ ಮಾತು ಬಲ್ಲವನು, ಯಾವುದಾದರೂ ಒಂದು ಬೆರಳು ಒತ್ತಿಬಿಡಲಿ, ಒಪ್ಪಿಬಿಡುತ್ತೇನೆ, ನನ್ನ ನಾಲಗೆ ಹಾಳಾಗಿ ಹೋಗಲಿ ಎಂದು ಕಾದೆ. ವಲ್ಲಿಯ ಕೆಳಗೆ ಅವನ ಕೈ ಮುಷ್ಟಿ ಕಟ್ಟಿಕೊಂಡಿತ್ತು. ಒಂದು ಬೆರಳೂ ಹೊರಗೆ ಬರಲಿಲ್ಲ. ಆಮೇಲೆ ಮುಷ್ಟಿ ಬಿಚ್ಚಿ ನನ್ನ ಕೈಯನ್ನು ಸುಮ್ಮನೆ ಹಿಡಿದುಕೊಂಡ.

“ವಲ್ಲಿ ಇಷ್ಟು ಹೊತ್ತು ಯಾವತ್ತೂ ಇರಲಿಲ್ಲ” ಎಂದರು ಪಿಂಟೋ.

ಕೈಯನ್ನು ವಲ್ಲಿಯಿಂದ ಬಿಡಿಸಿಕೊಂಡು, ಅಂಗೈ ಗುಳಿ ಮಾಡಿ ಮತ್ತೆ ಅವರ ಮುಂದೆ ಚಾಚಿದೆ. ಅಷ್ಟು ವರ್ಷಗಳಲ್ಲಿ ಯಾವ ಭರಣಿಯಿಂದಲೂ ನಾನು ಎರಡನೆಯ ಚಮಚ ಕೇಳಿದವನಲ್ಲ. ಪಿಂಟೋ ನನ್ನ ಅಂಗೈಯನ್ನೇ ನೋಡುತ್ತ ನಿಂತರು, ಆಮೇಲೆ ಸುರಿದರು. ಕುಡಿದೆ, ತಲೆಗೆ ಒರೆಸಿಕೊಂಡೆ.

“ಹುಳಿ ಬಂದಿದೆ, ಅಲ್ಲವಾ ರಾಯರೇ?”

“ಬಂದಿದೆ ಸಾರ್.”

“ಮೂರೂ?”

“ಮೂರೂ.”

ಅವರು ಚಮಚವನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಕುಳಿತರು. ಭರಣಿ, ಭರಣಿ, ಭರಣಿ, ಪಿಂಟೋ. ನಾಲ್ವರೂ ಒಂದೇ ಸಾಲಿನಲ್ಲಿ ಕೂತಹಾಗೆ ಕಂಡಿತು. ಆಗ ರುದ್ರಪ್ಪ ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದ.

“ಸಾರ್, ಒಂದ್ ಮಾತು. ಅಮ್ಮನ್ನ ಆಸ್ಪತ್ರೇಲಿ ಒಬ್ಬರನ್ನೇ ಬಿಟ್ಟು ನೀವಿಲ್ಲಿ ಬಂದು ಭರಣಿಗೆ ಸೌಟು ಆಡಿಸ್ತಾ ಕೂತಿದ್ರೆ, ಆ ಸೌಟು ತಗೊಂಡೇ ನಿಮಗೆ ಬಾರಿಸ್ತಿರ್ಲಿಲ್ವಾ ಅವ್ರು? ನೀವು ದಿನಾ ಮಂಚದ ಪಕ್ಕದಲ್ಲೇ ಕೂತಿರೋದು ಅವ್ರಿಗೆ ಕಾಣ್ತಿರ್ಲಿಲ್ವಾ? ಗೊತ್ತಿದ್ದೂ ಕೇಳಿದಾರೆ ಸಾರ್. ಹೆಂಗಸ್ರು ಹಂಗೇ.”

ಪಿಂಟೋ ತಲೆಯೆತ್ತಿದರು. ನಗುವಿನ ಹಾಗೆ ಶುರುವಾದದ್ದು ನಡುವೆ ಎಲ್ಲೋ ದಾರಿ ತಪ್ಪಿತು. ಮುಖ ಒರೆಸಿಕೊಂಡು, ಹೌದು ಮಾರಾಯ, ಕಾಣುತ್ತಿತ್ತು, ಕಾಣದೆ ಎಲ್ಲಿ ಹೋಗುತ್ತದೆ ಎಂದರು. ನಾವು ಹೊರಡುವಾಗ ಇಬ್ಬರಿಗೂ ಒಂದೊಂದು ಬಾಟಲಿ ತುಂಬಿಕೊಟ್ಟರು. ಹುಳಿಯಾದರೂ ಸೆಲಿನಳ ಕೈಯದು, ಚೆಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದರು. ಸೇವಂತಿಗೆ ಹಿತ್ತಲಿನಲ್ಲಿ ಅರಳಿಯೇ ಇತ್ತು. ಅದರ ನೆನಪು ಅವರಿಗೆ ಬರಲಿಲ್ಲ, ಕೇಳುವ ಬಾಯಿ ನನಗಿರಲಿಲ್ಲ.

ಬಾಟಲಿಯನ್ನು ಪಂಚೆಯ ಮರೆಯಲ್ಲಿ ತಂದು ಬಚ್ಚಲಮನೆಯ ಸೌದೆಯ ಹಿಂದೆ ಇಟ್ಟೆ. ಕೇಳಿದರೆ ಮಂಡಿನೋವಿನ ಅರಿಷ್ಟ ಎನ್ನಬೇಕೆಂದು ಮಾತು ಜೋಡಿಸಿಕೊಂಡು ಮಲಗಿದೆ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಬಾಟಲಿ ಅಲ್ಲಿರಲಿಲ್ಲ. ಪೂಜೆಗೆ ಕೂತರೆ ಪಂಚಪಾತ್ರೆ, ಉದ್ಧರಣೆ, ದೀಪದ ಕಂಬ ಎಲ್ಲವೂ ಕೊಂಡ ದಿನದ ಹಾಗೆ ಥಳಥಳ ಹೊಳೆಯುತ್ತಿವೆ. ನಮ್ಮಾಕೆ ಬಾಗಿಲ ಹತ್ತಿರ ಹೂ ಬಿಡಿಸುತ್ತ ಕುಳಿತಿದ್ದಳು.

“ಹುಣಿಸೇಹಣ್ಣಿಗಿಂತ ಚೆನ್ನಾಗಿ ಬೆಳಗ್ತು ಕಣ್ರೀ, ನಿಮ್ಮ ಕೆರೆ ಗಾಳಿ.”

ನಾನು ಮಂತ್ರ ಹೇಳುವವನಂತೆ ತುಟಿ ಅಲ್ಲಾಡಿಸಿದೆ.

“ಪ್ರತಿ ವರ್ಷ ಒಂದು ಶನಿವಾರ ನಿಮ್ಮ ತಲೆಕೂದಲು ದ್ರಾಕ್ಷಿ ವಾಸನೆ ಬರ್ತಿತ್ತು. ಕೈಯಲ್ಲಿ ಸೇವಂತಿಗೆ. ಗಂಡಸರು ಹೂವು ಕಿತ್ರೆ ತೊಟ್ಟು ಮುರಿದುಹೋಗಿರತ್ತೆ, ಅವು ಕತ್ತರೀಲಿ ಓರಣವಾಗಿ ಕತ್ತರಿಸಿದ್ದು. ಯಾರೋ ಒಳ್ಳೆ ಹೆಂಗಸು, ನೆನಪಿಟ್ಟುಕೊಂಡು ನನಗೆ ಹೂವು ಕಳಿಸ್ತಾರೆ ಅಂತ ಮುಡ್ಕೋತಿದ್ದೆ.” ಅವಳು ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿದಳು. “ಈ ಸಲ ವಾಸನೆ ಹುಳಿ, ಹೂವೂ ಇಲ್ಲ. ಆಯಮ್ಮ ಹೋಗ್ಬಿಟ್ರಾ?”

ಹೌದೆಂದು ತಲೆಯಾಡಿಸಿದೆ. ಒಂದು ಸಲ ಕರ್ಕೊಂಡು ಹೋಗಬಹುದಿತ್ತು ಎಂದಳು. ಹೂವಿನ ಬುಟ್ಟಿಯನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು. ನಾನು ಹೊಳೆಯುವ ಉದ್ಧರಣೆಯಿಂದ ಅಂಗೈಗೆ ತೀರ್ಥ ಹಾಕಿಕೊಂಡು ಕುಡಿದೆ, ತಲೆಗೆ ಒರೆಸಿಕೊಂಡೆ. ತಕ್ಕಡಿ ನಾಲಗೆಗೆ ಅದು ಬರೀ ನೀರೆಂದು ಅನ್ನಿಸಲಿಲ್ಲ. ಊರೆಲ್ಲ ನನ್ನ ನಾಲಗೆಯನ್ನು ಕರೆದು ಕರೆದು ರುಚಿ ಕೇಳಿದೆ. ನಮ್ಮ ಮನೆಯಲ್ಲಿ ಇಂಥದೊಂದು ಮೂಗಿದೆ ಎಂದು ಇಷ್ಟು ವರ್ಷ ಯಾರೂ ವಿಚಾರಿಸಿರಲಿಲ್ಲ, ನಾನಂತೂ ಮೊದಲೇ ಇಲ್ಲ.