ಹಾಲಿವುಡ್ಡಿಗೆ ಮಾತು ಬರೆಯದ ಮಾವ

ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ಕಡೆ ಜಾಲಾಡಿದರೂ ಹಾಲಿವುಡ್ ಚಿತ್ರಕಥೆಗಾರರೆಂದು ಸಿಗುವವರು ಒಬ್ಬರೇ, ನನ್ನ ಸೋದರಮಾವ. ಅವರ ಒಂದು ಚಿತ್ರವೂ ತೆರೆ ಕಂಡಿಲ್ಲ, ಅವರು ಹಾಲಿವುಡ್ಡನ್ನು ಕಂಡಿಲ್ಲ, ಹಾಲಿವುಡ್ ಅವರನ್ನಂತೂ ಕಂಡೇ ಇಲ್ಲ. ಅಷ್ಟು ಮಾತ್ರಕ್ಕೆ ಒಬ್ಬರ ವೃತ್ತಿಯನ್ನೇ ಅಲ್ಲಗಳೆಯುವುದು ಯಾವ ನ್ಯಾಯ ಹೇಳಿ!

ಮಾವ ಎಳೆಪ್ರಾಯದಲ್ಲೇ ಮುಂಬಯಿಗೆ ಓಡಿಹೋಗಿ, ಸಿನಿಮಾ ಸ್ಟುಡಿಯೋ ಒಂದರ ಕ್ಯಾಂಟೀನಿನಲ್ಲಿ ಚಾ ಹಂಚಿ, ತೊಂಬತ್ತೇಳರಲ್ಲಿ ಊರಿಗೆ ಮರಳಿದವರು. ಮರವಂತೆಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆ, ಹೆದ್ದಾರಿ ಬದಿಗೊಂದು ಗೂಡಂಗಡಿ. ಅತ್ತೆ ಮೀನು ಮಾರುತ್ತಿದ್ದರು, ಒಲೆ ಉರಿಯುತ್ತಿದ್ದದ್ದು ಅದರಿಂದ. ಮಾವ ಸೋಡಾ ಮಾರುತ್ತ ಯಕ್ಷಗಾನ ಪ್ರಸಂಗ ಬರೆಯುತ್ತಿದ್ದರು. ಎರಡು ಪ್ರಸಂಗಗಳಿಂದ ಅವರಿಗಾದ ಸಂಪಾದನೆ ಒಂದು ಶಾಲು, ಒಂದು ತೆಂಗಿನಕಾಯಿ, ಮೇಳದವರೊಂದಿಗೆ ಒಂದು ಊಟ. ಸಾರಿಗೆ ಉಪ್ಪು ಕಡಿಮೆಯಿತ್ತಂತೆ.

ಹೀಗಿರುವಾಗ ಒಂದು ದಿನ ಬಾಳೆಹಣ್ಣು ಕಟ್ಟಿಕೊಡಲು ತಂದ ಹಳೆಯ ಪೇಪರಿನಲ್ಲಿ ಹಾಲಿವುಡ್ ಚಿತ್ರಕಥೆಗಾರನೊಬ್ಬನ ಸುದ್ದಿ ಕಣ್ಣಿಗೆ ಬಿತ್ತು. ಒಂದು ಕಥೆಗೆ ಕೋಟಿಗಟ್ಟಲೆ ಸಂಭಾವನೆ! ಗುಡ್ಡದ ಮೇಲೆ ಬಂಗಲೆ, ಅಂಗಳದಲ್ಲಿ ಈಜುಕೊಳ, ಚಪ್ಪಲಿ ಇಡಲಿಕ್ಕೇ ಒಂದು ಕೋಣೆ! ಗಿರಾಕಿಗೆ ಬಾಳೆಹಣ್ಣನ್ನು ಬರಿಗೈಗೆ ಕೊಟ್ಟು, ಮಾವ ಪೇಪರಿನೊಂದಿಗೆ ಅಡುಗೆಮನೆಗೆ ನುಗ್ಗಿದರು.

"ಹ್ವಾಯ್, ಕಾಣ್ ಇಲ್ಲಿ! ಬರೀ ಬರ್ದದ್ದಕ್ಕೆ ಇಷ್ಟ್! ಕುಣಿಯೂಕಿಲ್ಲೆ, ಬಣ್ಣ ಹಚ್ಚೂಕಿಲ್ಲೆ. ನಾವೂ ಒಂದ್ ಈಜುಕೊಳ ಕಟ್ಟುವ."

ಅತ್ತೆ ಬಂಗುಡೆಯಿಂದ ಕಣ್ಣೆತ್ತಲಿಲ್ಲ. "ಎದ್ರಿಗೆ ಇಡೀ ಸಮುದ್ರ ಬಿದ್ಕಂಡಿತ್ತಲೆ. ಮೊದ್ಲ್ ಅದ್ರಂಗೆ ಮಿಂದ್ಕಂಡ್ ಬನ್ನಿ."

"ಚಪ್ಲಿಗೊಂದ್ ಕೋಣಿ?"

"ನಿಮ್ದ್ ಇಪ್ಪುದ್ ಒಂದ್ ಜೊತೆ. ಅದ್ರಂಗೂ ಒಂದ್ರ ಬಾರ್ ಕಿತ್ತಿತ್ತ್."

ಅಂದಿನಿಂದ ಮಾವ ಶ್ರೀಮಂತರಾದರು. ಹಣ ಬರುವುದೊಂದು ಬಾಕಿ. ಶ್ರೀಮಂತರಿಗೆ ಗತ್ತು ಇರಬಾರದೆಂದು ಈಗಿನಿಂದಲೇ ವಿನಯವನ್ನು ಅಭ್ಯಾಸ ಮಾಡತೊಡಗಿದರು. ಕ್ಷೌರದಂಗಡಿಯ ಕನ್ನಡಿ ಎದುರು ಕೂತು ಪ್ರಶಸ್ತಿ ತೆಗೆದುಕೊಳ್ಳುವ ಮುಖ ಮಾಡುತ್ತಿದ್ದರು. ಆ ಮುಖ ಕಂಡ ಕ್ಷೌರಿಕ ಗಾಬರಿಯಾಗಿ, "ಕತ್ತಿ ತಾಗಿತಾ ಮಾರಾಯ್ರೆ?" ಎಂದು ಕೇಳಿದನಂತೆ!

ಆಗ ನಾನು ಬ್ರಹ್ಮಾವರದ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡುತ್ತಿದ್ದೆ. ಮಾವನ ಕಥೆ ಟೈಪಾಗಬೇಕಾದದ್ದೂ, ಇಂಗ್ಲಿಷಿಗೆ ತಿರುಗಬೇಕಾದದ್ದೂ ಸೋದರಸೊಸೆಯಾದ ನನ್ನ ಕೈಯಿಂದಲೇ. ನನಗೆ ಬರುತ್ತಿದ್ದದ್ದು ಕರೆಯೋಲೆಯ ಇಂಗ್ಲಿಷ್ ಮಾತ್ರ. ಹಾಗಾಗಿ ಕಥೆಯಲ್ಲಿ ಬಿರುಗಾಳಿ ಕೂಡ ಸಕುಟುಂಬ ಸಪರಿವಾರ ಸಮೇತ ಆಗಮಿಸಿತು.

ಕಥೆ ಮಾತ್ರ ಸೊಗಸಾಗಿತ್ತು. ಸಮುದ್ರರಾಜ ಒಬ್ಬ ಮೀನುಗಾರನನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಅವನ ಹೆಂಡತಿ ದಡದಲ್ಲಿ ನಿಂತು ವಾದ ಹೂಡಿ ಗಂಡನನ್ನು ಬಿಡಿಸಿಕೊಳ್ಳುತ್ತಾಳೆ. ಸನ್ನಿವೇಶಕ್ಕೊಂದು ಪದ್ಯ, ಪದ್ಯದ ಕೆಳಗೆ ಅರ್ಧ ಹಾಳೆ ಖಾಲಿ. ನಮ್ಮ ಪ್ರಸಂಗಗಳು ಇರುವುದೇ ಹಾಗಲ್ಲವೇ? ಪದ್ಯವನ್ನು ಭಾಗವತರು ಹಾಡುತ್ತಾರೆ, ಮಾತನ್ನು ವೇಷಧಾರಿ ರಂಗದಲ್ಲೇ ಹುಟ್ಟಿಸಿಕೊಳ್ಳುತ್ತಾನೆ. ಮಾತು ಬರೆದುಕೊಡುವ ಪದ್ಧತಿಯೇ ನಮ್ಮಲ್ಲಿಲ್ಲ. ಹಾಗಾಗಿ ಖಾಲಿ ಜಾಗ ಕಂಡು ನನಗಾಗಲಿ, ಅಂಗಡಿಯ ಯಜಮಾನರಿಗಾಗಲಿ ಒಂದು ಚೂರೂ ಅನುಮಾನ ಬರಲಿಲ್ಲ!

ಅಷ್ಟರಲ್ಲಿ, ಹಾಲಿವುಡ್ ಕಂಪನಿಗಳ ಜೊತೆ ವ್ಯವಹಾರವಿದ್ದ ಮುಂಬಯಿಯ ನಿರ್ಮಾಪಕರೊಬ್ಬರು ಕೊಲ್ಲೂರಿಗೆ ಬಂದಿದ್ದಾರೆಂದು ಸುದ್ದಿ ಬಂತು. ಮೂಲದಲ್ಲಿ ನಮ್ಮ ಕಡೆಯವರೇ. ಮಾವ ಅಮ್ಮನವರ ಪಾದಕ್ಕೆ ಕಥೆ ಮುಟ್ಟಿಸಿ, ನನ್ನನ್ನೂ ಎಳೆದುಕೊಂಡು, ಸೀದಾ ಅವರ ಲಾಡ್ಜಿಗೆ ಹೋದರು. ನಿರ್ಮಾಪಕರು ಸಜ್ಜನರು, ಕೂತು ಪೂರ್ತಿ ಓದಿದರು.

"ಕಥೆ ಲಾಯ್ಕಿತ್ತ್. ಡಯಲಾಗ್ ಎಲ್ಲಿತ್ತ್ ಮಾರಾಯ್ರೆ?"

"ಡಯಲಾಗ್ ನಾನ್ ಎಂತಕ್ಕೆ ಬರೆಯೂದ್? ವೇಷಧಾರಿಗೆ ಬಾಯಿಲ್ಯಾ?"

"ಹಾಲಿವುಡ್ಡಂಗೆ ಹಾಂಗಾತಿಲ್ಲೆ. ಒಂದೊಂದ್ ಮಾತೂ ಬರ್ದ್ ಕೊಡ್ಕ್. ನೀವ್ ಬರ್ಕಂಡ್ ಬನ್ನಿ, ನಾನ್ ಮುಂದೆ ದಾಟಿಸ್ತೆ."

ನನಗೆ ಈಜುಕೊಳದಲ್ಲಿ ಕಾಲು ಇಳಿಬಿಟ್ಟ ಹಾಗೇ ಆಯಿತು. ಆದರೆ ಮಾವ ಎದ್ದು ನಿಂತಿದ್ದರು! "ಅಷ್ಟ್ ದುಡ್ಡ್ ತಕಂಬವ್ರಿಗೆ ನಾಲ್ಕ್ ಮಾತ್ ಸ್ವಂತಕ್ಕೆ ಆಡೂಕೆ ಬತ್ತಿಲ್ಯಾ? ಮಾತ್ ಬರ್ದ್ ಕೊಡುದಂದ್ರೆ ಕಲಾವಿದ್ರಿಗೆ ಅವಮಾನ. ಆ ಪಾಪ ನಂಗ್ ಬ್ಯಾಡ!" ಎಂದವರೇ ಕಥೆಯನ್ನು ಕಸಿದು ಬಗಲಿಗಿಟ್ಟುಕೊಂಡು ಮೆಟ್ಟಿಲಿಳಿದರು.

ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕಿಟಕಿ ಕಡೆ ತಿರುಗಿ ಕೂತೆ. ಹೆಮ್ಮಾಡಿ ಬರುವ ಹೊತ್ತಿಗೆ ಮಾವನೇ ಮೆಲ್ಲಗೆ ಹೇಳಿದರು. "ಬಂಗ್ಲೆ ಹಾಳಾಯ್ಲಿ ಹೆಣೆ. ಆ ಹೆಂಗ್ಸ್ ಸಮುದ್ರರಾಜನ ಎದ್ರ್ ಎಂತ ಮಾತಾಡ್ತಳ್ ಅಂತ ಒಂದ್ ಸಲ ಯಾರ್ ಬಾಯಂಗಾರೂ ಕೇಳ್ಕ್ ಅಂತ ಆಸೆ ಇತ್ತ್. ನಾನೇ ಬರ್ದ್ರೆ ಅದ್ ನನ್ನ ಮಾತಾತ್ತ್, ಅವ್ಳದ್ದ್ ಅಲ್ಲ."

ಸುದ್ದಿ ನಮಗಿಂತ ಮೊದಲೇ ಮರವಂತೆ ಮುಟ್ಟಿತ್ತು. ಹಾಲಿವುಡ್ಡಿಗೆ ಹೋದವರು ಬೇಕಾದಷ್ಟು ಜನ ಇರಬಹುದು, ಹಾಲಿವುಡ್ಡನ್ನೇ ಬೇಡ ಅಂದವರು ಎಷ್ಟು ಜನ ಇದ್ದಾರೆ? ಸಂಘ ಸಂಸ್ಥೆಗಳು ಎಚ್ಚೆತ್ತವು. ವಾರ್ಷಿಕೋತ್ಸವಗಳ ಫ್ಲೆಕ್ಸಿನಲ್ಲಿ ಮಾವ 'ಹಾಲಿವುಡ್ ಖ್ಯಾತಿಯ ಚಿತ್ರಸಾಹಿತಿ'ಯಾಗಿ ವಿನಯದ ಮುಖದೊಂದಿಗೆ ರಾರಾಜಿಸಿದರು. ಅವರು ಬರೆದದ್ದೇನೆಂದು ಸನ್ಮಾನಿಸಿದವರು ಕೇಳಲಿಲ್ಲ. ಅಭಿನಂದನಾ ಭಾಷಣ ಮಾಡಿದವರಂತೂ ಕೇಳಲೇ ಇಲ್ಲ. ಶಾಲುಗಳು ರಾಶಿ ಬಿದ್ದವು. ಚಳಿಗಾಲದಲ್ಲಿ ಅತ್ತೆಯ ಕೋಳಿಗೂಡಿಗೆ ಹೊದಿಸಿದ್ದು ಜರಿ ಶಾಲು. ಕೋಳಿಗಳಿಗೆ ಅಂಥ ಐಶ್ವರ್ಯ ಯಾವ ಹಾಲಿವುಡ್ಡಿನಲ್ಲಿದೆ!

"ಒಬ್ಬಾದ್ರೂ ಆ ಕಥೆ ಆಡಿ ತೋರ್ಸ್ತೆ ಅಂದ್ನಾ?" ಎಂದು ಅತ್ತೆ ಪ್ರತಿ ಶಾಲು ಮಡಚುವಾಗಲೂ ಕೇಳುತ್ತಿದ್ದರು. ಯಾರೂ ಅಂದಿರಲಿಲ್ಲ. ಮೇಳದವರೂ ಮುಂದಿನ ತಿರುಗಾಟಕ್ಕೆ ನೋಡುವ ಎಂದು ವರ್ಷ ದೂಡಿದರು.

ಆಮೇಲೆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಸೋಡಾ ಗಿರಾಕಿಗಳನ್ನು ತಾಸುಗಟ್ಟಲೆ ಹಿಡಿದಿಟ್ಟು ಕಥೆ ಹೇಳುತ್ತಿದ್ದ ಆ ಬಾಯಿ ಸುಮ್ಮನಾದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಹೋಗಿ ಅತ್ತುಬಿಟ್ಟೆ. ಶಾಲು ಹಿಡಿದು ಸಾಲುಗಟ್ಟಿದ್ದವರು ಆಗ ಯಾವ ಊರಿನಲ್ಲಿದ್ದರೋ.

ಒಂದು ಮಧ್ಯಾಹ್ನ ಮಾವನ ಮಂಚದ ಬಳಿ ಕೂತು, ನನ್ನ ಒಡಕು ಸ್ವರದಲ್ಲಿ ಅದೇ ಕಥೆಯ ಪದ್ಯಗಳನ್ನು ಹಾಡುತ್ತಿದ್ದೆ. ಮೀನುಗಾರನ ಹೆಂಡತಿ ದಡಕ್ಕೆ ಬಂದು ನಿಂತಳು ಎಂಬಲ್ಲಿಗೆ ಪದ್ಯ ಮುಗಿಯಿತು. ಮುಂದೆ ಅರ್ಧ ಹಾಳೆ ಖಾಲಿ. ಮಾವ ಆ ಖಾಲಿ ಜಾಗವನ್ನೇ ನೋಡುತ್ತ ತುಟಿ ಅಲುಗಿಸಿದರು, ಸ್ವರ ಹೊರಡಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಕೈಯಿಂದ ಮೀನು ತೊಳೆದ ನೀರು ತೊಟ್ಟಿಕ್ಕುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯಾಚೆಯ ಸಮುದ್ರಕ್ಕೆ ಕೈ ನೀಡಿ ದನಿ ಎತ್ತಿದರು.

"ಹ್ವಾಯ್ ಸಮುದ್ರರಾಜ! ಎಂತ ಅಂದ್ಕಂಡಿದ್ದೆ ನೀನ್? ನಿನ್ನ ಮೀನ್ ಊರೆಲ್ಲ ಹೊತ್ತ್ ಮಾರಿದವ್ಳ್ ನಾನ್. ಒಂದ್ ದಿನಾರೂ ಹಳ್ಸಿದ್ ಅಂದಿದ್ನಾ? ಊರಂಗೆ ನಿನ್ನ ಮರ್ಯಾದಿ ಉಳ್ಸಿದ್ದ್ ನಾನ್! ಈಗ ನನ್ನ ಗಂಡನ್ನ ಬಿಡ್. ಕೈ ಬಾರ್ದಿದ್ರೂ ಅಡ್ಡಿಲ್ಲೆ, ಮಾತ್ ಬಾರ್ದಿದ್ರೂ ಅಡ್ಡಿಲ್ಲೆ. ಹ್ಯಾಂಗಿದ್ದ್ರೊ ಹಾಂಗೇ ಬಿಡ್. ಅವ್ರ ಮಾತ್ ನಾನ್ ಆಡ್ತೆ."

ಮಾವನ ಎಡಗೈ ಮಂಚದ ಅಂಚಿಗೆ ತಾಳ ಹಾಕತೊಡಗಿತ್ತು. ಕಣ್ಣಿಂದ ಇಳಿದ ನೀರು ಕಿವಿಯವರೆಗೆ ಹರಿದಿತ್ತು. ನಾನು ಹಾಳೆ ಹಿಡಿದು ಹಾಗೇ ಕೂತಿದ್ದೆ.

ಅತ್ತೆ ತೋಳಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಎಂತ ಕಾಣ್ತಾ ಕೂತಿದ್ದೆ ಹೆಣೆ? ಮುಂದಿನ ಪದ್ಯ ಹೇಳ್."